ಹೆಗಲ ಮೇಲಿನ ಶಬ್ದಮಾಪಕ: ಡೋಸಿಮೀಟರ್ ತೊಡಿಸುವ ಕ್ರಮ, ಅದರ ಅಂಕಿಯನ್ನು ಓದುವ ಕ್ರಮ

ಶಬ್ದದ ಡೋಸಿಮೀಟರ್ ಎಂಬುದು ಕೆಲಸಗಾರರ ಹೆಗಲ ಮೇಲೆ ಪಾಳಿಯುದ್ದಕ್ಕೂ ಕುಳಿತು, ಅವರ ಕಿವಿಯ ಆಸುಪಾಸಿನಲ್ಲಿ ಎಷ್ಟು ಸದ್ದು ಎಷ್ಟು ಹೊತ್ತು ಇತ್ತು ಎಂಬುದನ್ನು ಕೂಡಿಸುತ್ತ ಹೋಗುವ ಚಿಕ್ಕ ಉಪಕರಣ. ಪಾಳಿ ಮುಗಿದಾಗ ಅದರ ಪರದೆಯಲ್ಲಿ 62 ಎಂದೋ 140 ಎಂದೋ ಒಂದು ಶೇಕಡಾವಾರು ಅಂಕಿ ಮೂಡುತ್ತದೆ. ಆ ವಿಭಾಗದಲ್ಲಿ ಕಿವಿರಕ್ಷಕ ಕಡ್ಡಾಯವೇ, ಯಂತ್ರಕ್ಕೆ ಹೊದಿಕೆ ಬೇಕೇ, ಯಾರ ಶ್ರವಣ ಪರೀಕ್ಷೆ ಮಾಡಿಸಬೇಕು ಎಂಬ ತೀರ್ಮಾನಗಳೆಲ್ಲ ಆ ಅಂಕಿಯ ಮೇಲೆ ನಿಲ್ಲುತ್ತವೆ. ಆದರೆ ಒಳಗಿನ ಸೆಟ್ಟಿಂಗ್ ಬದಲಾದರೆ ಅದೇ ದಿನದ ಅದೇ ಸದ್ದು ಬೇರೆಯೇ ಅಂಕಿಯಾಗಿ ಹೊರಬರುತ್ತದೆ, ಮೈಕ್ರೊಫೋನನ್ನು ಯಾರಾದರೂ ಅರ್ಧ ನಿಮಿಷ ಕುಟ್ಟಿದರೆ ಇಡೀ ದಿನದ ಲೆಕ್ಕ ಕೆಡುತ್ತದೆ. ಸೆಟ್ಟಿಂಗ್ ಗೊತ್ತಿಲ್ಲದ, ಪಾಳಿಯಲ್ಲಿ ಏನು ನಡೆಯಿತೆಂದು ಗೊತ್ತಿಲ್ಲದ ಡೋಸ್ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡೋಸಿಮೀಟರನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುವವರಿಗಾಗಿ, ಹಾಗೆಯೇ ಬೇರೆಯವರು ಅಳೆದು ಕೊಟ್ಟ ವರದಿಯನ್ನು ಓದಬೇಕಾದವರಿಗಾಗಿ ಈ ಬರಹ.

ಒಳಗೆ ನಡೆಯುವ ಲೆಕ್ಕ

ಮೈಕ್ರೊಫೋನ್ ಗಾಳಿಯ ಒತ್ತಡದ ಏರಿಳಿತವನ್ನು ವಿದ್ಯುತ್ ಸಂಕೇತವನ್ನಾಗಿ ಮಾಡುತ್ತದೆ. ಆ ಸಂಕೇತ ಮೊದಲು ‘ಎ’ ತೂಕದ ಜಾಲರಿಯನ್ನು ಹಾದು ಬರುತ್ತದೆ. ಮನುಷ್ಯನ ಕಿವಿಗೆ ತಗ್ಗು ಸ್ವರಗಳು ಕಡಿಮೆ ಕೇಳಿಸುವುದರಿಂದ ಈ ಜಾಲರಿಯು 63 ಹರ್ಟ್ಸ್‌ನ ಗುಡುಗನ್ನು ಸುಮಾರು 26 ಡೆಸಿಬಲ್‌ನಷ್ಟು, 125 ಹರ್ಟ್ಸ್‌ನದನ್ನು ಸುಮಾರು 16 ಡೆಸಿಬಲ್‌ನಷ್ಟು ತಗ್ಗಿಸುತ್ತದೆ. 1,000 ಹರ್ಟ್ಸ್‌ನದನ್ನು ಹಾಗೆಯೇ ಬಿಡುತ್ತದೆ. ಸದ್ದಿನ ಹಾನಿ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವ 4,000 ಹರ್ಟ್ಸ್‌ನ ಸುತ್ತ 1 ಡೆಸಿಬಲ್ ಏರಿಸುತ್ತದೆ. ಈ ಬರಹದಲ್ಲಿ ಬರಿಯ ಡೆಸಿಬಲ್ ಎಂದಿರುವ ಕಡೆಯೆಲ್ಲ ಎ ತೂಕದ ಡೆಸಿಬಲ್ ಎಂದೇ ತಿಳಿಯಬೇಕು. ಹೀಗೆ ತೂಗಿದ ಒತ್ತಡವನ್ನು ಉಪಕರಣ ವರ್ಗಗೊಳಿಸಿ, ಕಾಲದ ಜೊತೆ ಕೂಡಿಸುತ್ತ ಹೋಗುತ್ತದೆ. ಈ ಮೊತ್ತದ ಮೂಲ ಏಕಮಾನ ಪ್ಯಾಸ್ಕಲ್ ವರ್ಗ ಗಂಟೆ. ಎಂಟು ಗಂಟೆ ಕಾಲ 85 ಡೆಸಿಬಲ್ ಇದ್ದರೆ ಅದು ಹೆಚ್ಚುಕಡಿಮೆ 1 ಪ್ಯಾಸ್ಕಲ್ ವರ್ಗ ಗಂಟೆ ಆಗುತ್ತದೆ.

ಈ ಮೊತ್ತವನ್ನು ಶೇಕಡಾವಾರು ಡೋಸ್ ಆಗಿ ಬದಲಿಸುವಾಗ ಮೂರು ಸೆಟ್ಟಿಂಗ್‌ಗಳು ನಡುವೆ ಬರುತ್ತವೆ, ಗೊಂದಲವೆಲ್ಲ ಹುಟ್ಟುವುದೂ ಅಲ್ಲಿಯೇ. ಎಂಟು ಗಂಟೆ ಕಾಲ ಯಾವ ಮಟ್ಟದ ಸದ್ದಿದ್ದರೆ ಡೋಸ್ ಶೇ. 100 ಆಗಬೇಕು ಎಂಬುದನ್ನು ಕ್ರೈಟೀರಿಯನ್ ಲೆವೆಲ್ ಹೇಳುತ್ತದೆ. ಸದ್ದು ಎಷ್ಟು ಡೆಸಿಬಲ್ ಏರಿದಾಗ ಅನುಮತಿಯ ಕಾಲ ಅರ್ಧಕ್ಕೆ ಇಳಿಯಬೇಕು ಎಂಬುದನ್ನು ಎಕ್ಸ್‌ಚೇಂಜ್ ರೇಟ್ ಹೇಳುತ್ತದೆ. ಯಾವ ಮಟ್ಟಕ್ಕಿಂತ ಕೆಳಗಿನ ಸದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂಬುದು ಥ್ರೆಶೋಲ್ಡ್. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ಓಶಾ ತನ್ನ ಕಾನೂನುಬದ್ಧ ಮಿತಿಗೆ 90 ಡೆಸಿಬಲ್, 5 ಡೆಸಿಬಲ್ ಎಕ್ಸ್‌ಚೇಂಜ್ ರೇಟ್, 90 ಡೆಸಿಬಲ್ ಥ್ರೆಶೋಲ್ಡ್ ಇಟ್ಟಿದೆ. ಶ್ರವಣ ರಕ್ಷಣಾ ಕಾರ್ಯಕ್ರಮ ಬೇಕೇ ಎಂದು ನೋಡುವಾಗ ಮಾತ್ರ ಥ್ರೆಶೋಲ್ಡನ್ನು 80ಕ್ಕೆ ಇಳಿಸುತ್ತದೆ. ಅದೇ ದೇಶದ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲಿ ಮಾಡಿದ ಶಿಫಾರಸಿನಲ್ಲಿ 85 ಡೆಸಿಬಲ್ ಮತ್ತು 3 ಡೆಸಿಬಲ್ ಎಕ್ಸ್‌ಚೇಂಜ್ ರೇಟ್ ಇದೆ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನವೂ 3 ಡೆಸಿಬಲ್ ಲೆಕ್ಕವನ್ನೇ ಹಿಡಿದು 80 ಮತ್ತು 85 ಡೆಸಿಬಲ್‌ಗಳಲ್ಲಿ ಕ್ರಮ ಕೈಗೊಳ್ಳಬೇಕೆಂದೂ, ಕಿವಿರಕ್ಷಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ 87 ದಾಟಬಾರದೆಂದೂ ಹೇಳುತ್ತದೆ.

ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಒಂದು ಪಾಳಿಯನ್ನು ಬಿಡಿಸಿ ನೋಡೋಣ. ಒಬ್ಬರು ನಾಲ್ಕು ಗಂಟೆ 95 ಡೆಸಿಬಲ್‌ನ ಗ್ರೈಂಡಿಂಗ್ ಮಾಡಿ, ಉಳಿದ ನಾಲ್ಕು ಗಂಟೆ 85 ಡೆಸಿಬಲ್‌ನ ಜೋಡಣೆ ಕೆಲಸದಲ್ಲಿದ್ದರು ಎಂದಿಟ್ಟುಕೊಳ್ಳಿ. ಓಶಾ ಮಿತಿಯ ಸೆಟ್ಟಿಂಗ್‌ನಲ್ಲಿ 95ಕ್ಕೆ ಅನುಮತಿಯ ಕಾಲ ನಾಲ್ಕು ಗಂಟೆ, ಆದ್ದರಿಂದ ಅದು ಶೇ. 100, 85 ಡೆಸಿಬಲ್ ಥ್ರೆಶೋಲ್ಡ್‌ಗಿಂತ ಕೆಳಗಿರುವುದರಿಂದ ಆ ನಾಲ್ಕು ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ಥ್ರೆಶೋಲ್ಡನ್ನು 80ಕ್ಕೆ ಇಳಿಸಿದ ಕೂಡಲೇ ಅದೇ ನಾಲ್ಕು ಗಂಟೆಗಳು ಶೇ. 25ನ್ನು ಸೇರಿಸಿ ಮೊತ್ತ ಶೇ. 125 ಆಗುತ್ತದೆ. ನಿಯೋಶ್ ಸೆಟ್ಟಿಂಗ್‌ನಲ್ಲಿ 95 ಡೆಸಿಬಲ್‌ಗೆ ಇರುವ ಅನುಮತಿ ಸುಮಾರು 48 ನಿಮಿಷ ಮಾತ್ರ. ಅಲ್ಲಿ ಇಡೀ ಪಾಳಿಯ ಡೋಸ್ ಸುಮಾರು ಶೇ. 554. ಕಿವಿ ಅದೇ, ಸದ್ದು ಅದೇ, ಅಂಕಿಗಳು ಮಾತ್ರ 100, 125, 554. ಎಂಟು ಗಂಟೆಯ ಸರಾಸರಿ ಮಟ್ಟಕ್ಕೆ ಬದಲಿಸಿದರೆ ಇವು ಕ್ರಮವಾಗಿ 90, 91.6 ಮತ್ತು 92.4 ಡೆಸಿಬಲ್ ಆಗುತ್ತವೆ. ‘ಡೋಸ್ ಐದು ಪಟ್ಟು’ ಎಂಬ ಮಾತು ಕೇಳಿ ಗಾಬರಿಯಾಗುವ ಮೊದಲು, ‘ಡೋಸ್ ಸರಿಯಾಗಿ ನೂರು, ತೊಂದರೆಯಿಲ್ಲ’ ಎಂದು ನಿರಾಳವಾಗುವ ಮೊದಲು, ಯಾವ ಸೆಟ್ಟಿಂಗ್ ಎಂದು ಕೇಳಲೇಬೇಕು.

ಸದ್ದಿನ ಶಕ್ತಿ ಇಮ್ಮಡಿಯಾದಾಗ ಮಟ್ಟ ಏರುವುದು 3 ಡೆಸಿಬಲ್. ಹಾಗಾಗಿ 3 ಡೆಸಿಬಲ್ ಲೆಕ್ಕ ಕಿವಿಗೆ ಬಂದ ಶಕ್ತಿಯನ್ನೇ ನೇರವಾಗಿ ಎಣಿಸುತ್ತದೆ. ನಡುನಡುವೆ ಬಿಡುವು ಸಿಕ್ಕಾಗ ಕಿವಿ ಚೇತರಿಸಿಕೊಳ್ಳುತ್ತದೆ ಎಂಬ ಊಹೆಯಿಂದ ಬಂದದ್ದು 5 ಡೆಸಿಬಲ್ ಲೆಕ್ಕ. ನನ್ನ ಮಟ್ಟಿಗೆ, ಕಾನೂನು 5 ಕೇಳಿದರೂ 3ರ ಲೆಕ್ಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಯಾರ ಕಿವಿಯ ಬಗ್ಗೆಯೂ ನಿರ್ಧಾರಕ್ಕೆ ಬರಬಾರದು. ಇಂದಿನ ಬಹುತೇಕ ಡೋಸಿಮೀಟರ್‌ಗಳಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಲೆಕ್ಕಗಳನ್ನು ಒಂದೇ ಸಮಯದಲ್ಲಿ ನಡೆಸುವ ಸೌಲಭ್ಯ ಇರುವುದರಿಂದ ಇದಕ್ಕೆ ಹೆಚ್ಚಿನ ಶ್ರಮವೂ ಬೇಕಿಲ್ಲ. ಇನ್ನೊಂದು ಸೂಕ್ಷ್ಮವಿದೆ: 3 ಡೆಸಿಬಲ್ ಲೆಕ್ಕದಲ್ಲಿ ಉಪಕರಣದ ಸ್ಲೋ ಅಥವಾ ಫಾಸ್ಟ್ ಸ್ಪಂದನದ (ಸದ್ದಿನ ಏರಿಳಿತವನ್ನು ಅದು ನಿಧಾನವಾಗಿ ಹಿಂಬಾಲಿಸಬೇಕೇ, ಬೇಗನೆಯೇ ಎಂಬುದರ) ಆಯ್ಕೆಯಿಂದ ಒಟ್ಟು ಮೊತ್ತ ಹೆಚ್ಚುಕಡಿಮೆ ಬದಲಾಗುವುದಿಲ್ಲ; 5 ಡೆಸಿಬಲ್ ಲೆಕ್ಕದಲ್ಲಿ ಏರಿಳಿತ ಹೆಚ್ಚಿರುವ ಸದ್ದಿಗೆ ಸ್ಲೋ ಸೆಟ್ಟಿಂಗ್ ಹೆಚ್ಚಿನ ಅಂಕಿ ಕೊಡುತ್ತದೆ. ಓಶಾ ನಿಯಮ ಸ್ಲೋ ಸ್ಪಂದನವನ್ನೇ ಕೇಳುತ್ತದೆ. ಫಾಸ್ಟ್‌ನಲ್ಲಿ ಅಳೆದದ್ದನ್ನು ಅದರೊಂದಿಗೆ ಹೋಲಿಸುವಂತಿಲ್ಲ.

ತೊಡಿಸುವ ಮೊದಲು

ಹಿಂದಿನವರ ದಾಖಲೆಯನ್ನು ಅಳಿಸಿ, ಬ್ಯಾಟರಿ ಇಡೀ ಪಾಳಿಗೆ ಸಾಕಾಗುತ್ತದೆಯೇ ನೋಡಿ, ಉಪಕರಣದ ಗಡಿಯಾರವನ್ನು ನಿಮ್ಮ ಕೈಗಡಿಯಾರಕ್ಕೆ ನಿಮಿಷ ತಪ್ಪದಂತೆ ಹೊಂದಿಸಿಕೊಳ್ಳಿ. ಸಂಜೆ ಗ್ರಾಫನ್ನು ಟಿಪ್ಪಣಿಯ ಜೊತೆ ಇಟ್ಟು ನೋಡುವಾಗ ಈ ಕೊನೆಯ ಕೆಲಸದ ಬೆಲೆ ತಿಳಿಯುತ್ತದೆ. ಉಪಕರಣವನ್ನು ತಂಪಾದ ಕೋಣೆಯಿಂದ ಬಿಸಿಯಾದ, ತೇವವಿರುವ ಶೆಡ್ಡಿಗೆ ತಂದಿದ್ದರೆ ಮೈಕ್ರೊಫೋನಿನ ಮೇಲೆ ಹನಿ ಕಟ್ಟದಂತೆ ಸ್ವಲ್ಪ ಹೊತ್ತು ಹಾಗೇ ಬಿಡಬೇಕು.

ಬಳಿಕ ಕ್ಯಾಲಿಬ್ರೇಟರ್. ಇದು ಸಾಮಾನ್ಯವಾಗಿ 1,000 ಹರ್ಟ್ಸ್‌ನಲ್ಲಿ 94 ಅಥವಾ 114 ಡೆಸಿಬಲ್‌ನ ಸ್ಥಿರವಾದ ಸದ್ದು ಹೊರಡಿಸುವ ಪುಟ್ಟ ಡಬ್ಬಿ. ಮೈಕ್ರೊಫೋನಿನ ಗಾತ್ರಕ್ಕೆ ತಕ್ಕ ಅಡಾಪ್ಟರ್ ಹಾಕಿ, ಅದನ್ನು ಬಿಗಿಯಾಗಿ ಕೂರಿಸಿ, ಉಪಕರಣ ಅದೇ ಅಂಕಿಯನ್ನು ತೋರಿಸುತ್ತದೆಯೇ ಎಂದು ನೋಡಬೇಕು. ಪಾಳಿಯ ಕೊನೆಯಲ್ಲಿ, ಉಪಕರಣವನ್ನು ಬಿಚ್ಚಿದ ಕೂಡಲೇ, ಇದನ್ನೇ ಮತ್ತೆ ಮಾಡಬೇಕು. ಕೆಲಸದ ಸ್ಥಳದ ಶಬ್ದಮಾಪನಕ್ಕೆ ಬಳಕೆಯಲ್ಲಿರುವ ಐಎಸ್‌ಒ 9612 ಮಾನಕದ ಪ್ರಕಾರ ಎರಡು ಓದುಗಳ ನಡುವೆ 0.5 ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ಅಳತೆಯನ್ನು ಕೈಬಿಡಬೇಕು. ಇಡೀ ದಿನದ ಶ್ರಮ ವ್ಯರ್ಥವಾಗುತ್ತದೆ, ನಿಜ. ಆದರೂ ಕೈಬಿಡುವುದೇ ಸರಿ. ಈ ತಪಾಸಣೆ ಒಂದೇ ಸ್ವರದಲ್ಲಿ, ಒಂದೇ ಮಟ್ಟದಲ್ಲಿ ನಡೆಯುತ್ತದೆ ಎಂಬುದೂ ನೆನಪಿರಲಿ. ಬಿದ್ದು ಪೆಟ್ಟಾದ ಮೈಕ್ರೊಫೋನ್ 1,000 ಹರ್ಟ್ಸ್‌ನಲ್ಲಿ ಸರಿಯಾಗಿದ್ದು 8,000ದಲ್ಲಿ ತಪ್ಪಿರಬಹುದು, ಅದನ್ನು ಕ್ಯಾಲಿಬ್ರೇಟರ್ ಹಿಡಿಯಲಾರದು. ಅದಕ್ಕಾಗಿಯೇ ಉಪಕರಣವೂ ಕ್ಯಾಲಿಬ್ರೇಟರೂ ನಿಯತಕಾಲಕ್ಕೆ ಪ್ರಯೋಗಾಲಯಕ್ಕೆ ಹೋಗಿಬರಬೇಕು.

ಹೆಗಲ ಮೇಲೆ

ಮೈಕ್ರೊಫೋನ್ ಹೆಗಲಿನ ಮೇಲ್ಭಾಗದಲ್ಲಿ, ಹೆಚ್ಚು ಸದ್ದು ಬೀಳುವ ಕಿವಿಯ ಬದಿಗೆ ಇರಬೇಕು. ಕಿವಿಯ ರಂಧ್ರದಿಂದ ಕನಿಷ್ಠ 10 ಸೆಂ.ಮೀ. ದೂರದಲ್ಲಿ, ಹೆಗಲಿನಿಂದ ಸುಮಾರು 4 ಸೆಂ.ಮೀ. ಮೇಲೆ ನಿಲ್ಲಬೇಕು. ಅಂಗಿಯ ಜೇಬಿಗೆ ಅಥವಾ ಎದೆಯ ಗುಂಡಿಗೆ ಸಿಕ್ಕಿಸಿದರೆ ಹಿಂದಿನಿಂದ ಬರುವ ಸದ್ದಿಗೆ ಮೈಯೇ ಅಡ್ಡವಾಗುತ್ತದೆ. ಬಲಗೈಯಲ್ಲಿ ಗ್ರೈಂಡರ್ ಹಿಡಿಯುವವರಿಗೆ ಯಾವ ಬದಿ ಎಂದು ಊಹಿಸುವುದಕ್ಕಿಂತ ಅವರು ಕೆಲಸ ಮಾಡುವುದನ್ನು ಐದು ನಿಮಿಷ ನಿಂತು ನೋಡುವುದು ಒಳ್ಳೆಯದು. ಎಷ್ಟೋ ಮಂದಿ ತಲೆಯನ್ನು ಒಂದು ಬದಿಗೆ ಓರೆ ಮಾಡಿಕೊಂಡೇ ಕೆಲಸ ಮಾಡುತ್ತಾರೆ. ಸ್ಪಂಜಿನ ಟೋಪಿಯಂತಿರುವ ವಿಂಡ್‌ಸ್ಕ್ರೀನ್ ಕಟ್ಟಡದ ಒಳಗೂ ಇರಲಿ. ಅದು ಗಾಳಿಯನ್ನು ಮಾತ್ರವಲ್ಲ, ಧೂಳನ್ನೂ ಸಣ್ಣಪುಟ್ಟ ತಾಗುವಿಕೆಯನ್ನೂ ತಡೆಯುತ್ತದೆ. ವಯರ್ ಇರುವ ಮಾದರಿಯಾದರೆ ಅದನ್ನು ಬಟ್ಟೆಯ ಒಳಗಿನಿಂದ ಹಾಯಿಸಿ, ತಿರುಗುವ ಯಂತ್ರಕ್ಕೆ ಸಿಕ್ಕದಂತೆ ಕ್ಲಿಪ್ ಹಾಕಬೇಕು. ಕಾಲರು, ಹೆಲ್ಮೆಟ್ಟಿನ ಪಟ್ಟಿ, ಉದ್ದ ಕೂದಲು, ಚೀಲದ ಪಟ್ಟಿ ಇವು ಮೈಕ್ರೊಫೋನಿಗೆ ಉಜ್ಜುತ್ತವೆಯೇ ಎಂದು ತಿಳಿಯಲು, ತೊಟ್ಟವರಿಗೆ ತಲೆಯನ್ನು ಎರಡೂ ಬದಿಗೆ ತಿರುಗಿಸಿ, ಬಗ್ಗಿ, ಕೈ ಮೇಲೆತ್ತಿ ಎಂದು ಹೇಳಿ ಪರದೆಯನ್ನು ಗಮನಿಸಬೇಕು.

ತೊಡುವವರ ಜೊತೆ ಮಾತಾಡುವುದು ಉಪಕರಣವನ್ನು ಹೊಂದಿಸುವಷ್ಟೇ ಮುಖ್ಯ. “ಇದು ನಿಮ್ಮ ಕೆಲಸವನ್ನು ಅಳೆಯುವುದಿಲ್ಲ, ನಿಮ್ಮ ಕಿವಿಗೆ ಬೀಳುವ ಸದ್ದನ್ನು ಅಳೆಯುತ್ತದೆ, ಎಂದಿನಂತೆ ಕೆಲಸ ಮಾಡಿ, ತೆಗೆದಿಡಬೇಕಾದರೆ ನನಗೆ ಹೇಳಿ” ಎಂದು ಬಿಡಿಸಿ ಹೇಳಬೇಕು. ಮಾತು ಧ್ವನಿಮುದ್ರಣವಾಗುತ್ತದೆಯೇ ಎಂಬ ಅನುಮಾನ ಬಹಳ ಜನರಲ್ಲಿರುತ್ತದೆ, ಅದು ಸಹಜ. ಸಾಮಾನ್ಯವಾಗಿ ಉಪಕರಣ ಮಟ್ಟವನ್ನಷ್ಟೇ ಬರೆದಿಡುತ್ತದೆ. ಆದರೆ ಕೆಲವು ಮಾದರಿಗಳಲ್ಲಿ ಧ್ವನಿ ದಾಖಲಿಸುವ ಸೌಲಭ್ಯವೂ ಇದೆ. ಅದು ಇದ್ದರೆ ಮುಚ್ಚಿಡಬಾರದು, ಒಪ್ಪಿಗೆಯಿಲ್ಲದೆ ಬಳಸಲೂ ಬಾರದು. ಅನುಮಾನ ಉಳಿದ ಕಡೆ ಮೈಕ್ರೊಫೋನನ್ನು ಕೈಯಲ್ಲಿ ಮುಚ್ಚುವುದೂ ಉಂಟು, ಅದರೊಳಗೆ ಕೂಗುವುದೂ ಉಂಟು. ಅದರ ಪರಿಣಾಮ ಎಷ್ಟೆಂದರೆ, ನಿಯೋಶ್ ಲೆಕ್ಕದಲ್ಲಿ 115 ಡೆಸಿಬಲ್‌ಗೆ ಅನುಮತಿಯ ಕಾಲ ಸುಮಾರು 28 ಸೆಕೆಂಡು. ಊದುವುದರಿಂದಲೋ ಬೆರಳಿನಿಂದ ಕುಟ್ಟುವುದರಿಂದಲೋ ಆ ಮಟ್ಟ ಅರ್ಧ ನಿಮಿಷ ಬಂದುಬಿಟ್ಟರೆ, ಇಡೀ ದಿನದ ಡೋಸ್ ಆ ಅರ್ಧ ನಿಮಿಷದಲ್ಲಿಯೇ ತುಂಬಿಹೋಗುತ್ತದೆ.

ಪಾಳಿಯ ನಡುವೆ ಆಗಾಗ ಹೋಗಿ ನೋಡುತ್ತಿರಬೇಕು. ಎಷ್ಟು ಗಂಟೆಗೆ ಯಾವ ಯಂತ್ರ, ಯಾವಾಗ ಊಟ, ಯಾವಾಗ ಪಕ್ಕದ ಕಂಪ್ರೆಸರ್ ಶುರುವಾಯಿತು ಎಂದು ಬರೆದಿಡಬೇಕು. ಕೈಯಲ್ಲಿ ಹಿಡಿಯುವ ಶಬ್ದಮಟ್ಟ ಮಾಪಕವಿದ್ದರೆ ಅವರ ಕಿವಿಯ ಪಕ್ಕ ಕೆಲವು ನಿಮಿಷ ಅಳೆದು, ಡೋಸಿಮೀಟರಿನ ಅದೇ ನಿಮಿಷಗಳ ಮಟ್ಟದೊಂದಿಗೆ ಹೋಲಿಸಬಹುದು.

ಸಂಜೆ ಗ್ರಾಫನ್ನು ತೆರೆದಾಗ

ಡೋಸ್ ಅಂಕಿಯನ್ನು ನೋಡುವ ಮೊದಲು ಸಮಯದ ಗ್ರಾಫನ್ನು ನೋಡಬೇಕು. ಬೆಳಿಗ್ಗೆಯಿಂದ 82 ಮತ್ತು 90ರ ನಡುವೆ ಹರಿದ ಗೆರೆ ಊಟದ ವೇಳೆಯಲ್ಲಿ 68ಕ್ಕೆ ಇಳಿದು, ಒಂದು ಗಂಟೆ ಹತ್ತು ನಿಮಿಷಕ್ಕೆ ಇದ್ದಕ್ಕಿದ್ದಂತೆ ಒಂದೇ ಮೊಳೆಯ ಹಾಗೆ 118ಕ್ಕೆ ಜಿಗಿದು ಮತ್ತೆ 70ಕ್ಕೆ ಬಿದ್ದಿದೆ ಎಂದುಕೊಳ್ಳಿ. ಟಿಪ್ಪಣಿಯಲ್ಲಿ ಆ ಹೊತ್ತಿಗೆ ‘ಕೈ ತೊಳೆದು, ಮೇಲಂಗಿ ಹಾಕಿಕೊಂಡರು’ ಎಂದಿದ್ದರೆ ಅದು ಮೈಕ್ರೊಫೋನಿಗೆ ಬಟ್ಟೆ ಬಡಿದದ್ದು ಎಂಬುದು ಬಹುತೇಕ ಖಚಿತ. ಅದೇ ಮೊಳೆ ಹತ್ತು ಗಂಟೆಗೆ, ಸುತ್ತಿಗೆ ಕೆಲಸದ ನಡುವೆ ಬಂದಿದ್ದರೆ ಅದು ನಿಜವಾದ ಸದ್ದೇ ಇರಬಹುದು, ತೆಗೆದುಹಾಕುವ ಹಕ್ಕು ನಮಗಿಲ್ಲ. ಸುಳ್ಳು ಸದ್ದೆಂದು ಸಾಬೀತಾದುದನ್ನು ಕಳೆದು ಲೆಕ್ಕ ಹಾಕಿದರೂ, ಕಳೆಯದ ಮೊದಲಿನ ಅಂಕಿಯನ್ನೂ ಕಳೆದ ಕಾರಣವನ್ನೂ ವರದಿಯಲ್ಲಿ ಉಳಿಸಬೇಕು.

ಅಂಕಿಗಳ ಹೆಸರುಗಳಲ್ಲಿ ಎರಡು ಕಡೆ ಜನ ಎಡವುತ್ತಾರೆ. ಉಪಕರಣ ಓಡಿದಷ್ಟು ಹೊತ್ತಿನ ಸರಾಸರಿ ಒಂದು; ಅದನ್ನು ಎಂಟು ಗಂಟೆಗೆ ಹರಡಿದ ಟಿಡಬ್ಲ್ಯೂಎ ಇನ್ನೊಂದು. ನಾಲ್ಕು ಗಂಟೆ ಓಡಿ ಸರಾಸರಿ 90 ಬಂದಿದ್ದರೆ, 3 ಡೆಸಿಬಲ್ ಲೆಕ್ಕದಲ್ಲಿ ಎಂಟು ಗಂಟೆಯ ಮಟ್ಟ 87, 5 ಡೆಸಿಬಲ್ ಲೆಕ್ಕದಲ್ಲಿ 85. ಈ ಬದಲಾವಣೆ ಉಳಿದ ನಾಲ್ಕು ಗಂಟೆ ಸದ್ದೇ ಇರಲಿಲ್ಲ ಎಂದು ಭಾವಿಸುತ್ತದೆ. ‘ಪ್ರೊಜೆಕ್ಟೆಡ್ ಡೋಸ್’ ಎಂಬ ಅಂಕಿ ಉಳಿದ ಹೊತ್ತೂ ಹೀಗೆಯೇ ಇತ್ತು ಎಂದು ಭಾವಿಸುತ್ತದೆ. ಎರಡರಲ್ಲಿ ಯಾವುದು ನಿಜಕ್ಕೆ ಹತ್ತಿರ ಎಂಬುದು ಉಪಕರಣಕ್ಕೆ ಗೊತ್ತಿಲ್ಲ, ಅಲ್ಲಿದ್ದವರಿಗೆ ಗೊತ್ತು. ಹನ್ನೆರಡು ಗಂಟೆಯ ಪಾಳಿಯಾದರೆ 3 ಡೆಸಿಬಲ್ ಲೆಕ್ಕದಲ್ಲಿ ಸರಾಸರಿಗೆ ಸುಮಾರು 1.8 ಡೆಸಿಬಲ್ ಕೂಡಿಸಬೇಕಾಗುತ್ತದೆ. ಎರಡನೆಯ ಎಡವು ‘ಮ್ಯಾಕ್ಸ್’ ಮತ್ತು ‘ಪೀಕ್’ಗಳದು. ಮ್ಯಾಕ್ಸ್ ಎಂದರೆ ಸ್ಲೋ ಅಥವಾ ಫಾಸ್ಟ್ ಸ್ಪಂದನದಲ್ಲಿ ಕಂಡ ಅತಿ ಹೆಚ್ಚಿನ ಮಟ್ಟ. ಪೀಕ್ ಎಂದರೆ ಕ್ಷಣಮಾತ್ರದ ಒತ್ತಡದ ತುತ್ತತುದಿ, ಇದಕ್ಕೆ ಸಾಮಾನ್ಯವಾಗಿ, ತಗ್ಗು ಸ್ವರಗಳನ್ನು ‘ಎ’ಯಷ್ಟು ತಗ್ಗಿಸದ ‘ಸಿ’ ತೂಕ. ಒಂದು ಸೆಕೆಂಡಿನ ಸ್ಲೋ ಸ್ಪಂದನ ಸುತ್ತಿಗೆಯ ಏಟನ್ನು ಮೆತ್ತಗೆ ಮಾಡಿ ತೋರಿಸುವುದರಿಂದ, ಮ್ಯಾಕ್ಸ್ 105 ಇದ್ದಲ್ಲಿ ಪೀಕ್ 135 ದಾಟಿರಬಹುದು.

ಉಪಕರಣದ ಎಲ್ಲೆಗಳು

ಡೋಸಿಮೀಟರ್‌ಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 61252 ಕೇಳುವುದು 63ರಿಂದ 8,000 ಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು ಮತ್ತು 80ರಿಂದ 130 ಡೆಸಿಬಲ್‌ವರೆಗಿನ ಮಟ್ಟವನ್ನು. ಒಳ್ಳೆಯ ಮಾದರಿಗಳು ಇದಕ್ಕಿಂತ ಮುಂದೆ, 140 ಡೆಸಿಬಲ್‌ನ ಆಸುಪಾಸಿನವರೆಗೆ ಹೋಗುತ್ತವೆ. ಅದಕ್ಕೂ ಮೇಲಿನ ಸದ್ದು ಬಂದಾಗ ಸಂಕೇತದ ತಲೆ ಕತ್ತರಿಸಿದಂತಾಗಿ, ಉಪಕರಣ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಬಂದೂಕಿನ ಸದ್ದು ಗುಂಡು ಹಾರಿಸುವವರ ಕಿವಿಯ ಬಳಿ 140 ಡೆಸಿಬಲ್‌ಗಿಂತ ಬಹಳ ಮೇಲಿರುತ್ತದೆ. ಅಲ್ಲಿ ಮಾಮೂಲಿ ಡೋಸಿಮೀಟರನ್ನು ನಂಬುವುದು ಅಪಾಯಕಾರಿ ತಪ್ಪು. ಓವರ್‌ಲೋಡ್ ಸೂಚನೆ ಬಂದಿದೆಯೇ ಎಂದು ಪ್ರತಿ ಬಾರಿಯೂ ನೋಡಿ. ಕೆಳಗಿನ ತುದಿಯಲ್ಲೂ ಮಿತಿಯಿದೆ: ಶಾಂತವಾದ ಕಚೇರಿಯ ಗುಂಯ್‌ಗುಡುವಿಕೆಯನ್ನು ಅಳೆಯಲು ಇದು ತಕ್ಕ ಸಾಧನವಲ್ಲ.

ಮೈ ಒಂದು ಗೋಡೆಯ ಹಾಗೆ ಸದ್ದನ್ನು ಕೆಲವೊಮ್ಮೆ ತಡೆಯುತ್ತದೆ, ಕೆಲವೊಮ್ಮೆ ಪ್ರತಿಫಲಿಸಿ ಹೆಚ್ಚಿಸುತ್ತದೆ. ಐಎಸ್‌ಒ 9612 ಮೈಕ್ರೊಫೋನಿನ ಸ್ಥಾನದಿಂದ ಬರುವ ಅನಿಶ್ಚಿತತೆಯನ್ನು 1 ಡೆಸಿಬಲ್ ಎಂದೂ, ಉಪಕರಣದ ಅನಿಶ್ಚಿತತೆಯನ್ನು 1.5 ಡೆಸಿಬಲ್ ಎಂದೂ ತೆಗೆದುಕೊಳ್ಳುತ್ತದೆ. ಇವೆರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 1.8, ಮಾನಕದ ಕ್ರಮದಂತೆ ಅದನ್ನು 1.65ರಿಂದ ಗುಣಿಸಿದರೆ ಸುಮಾರು 3 ಡೆಸಿಬಲ್. ದಿನದಿಂದ ದಿನಕ್ಕೆ ಕೆಲಸ ಬದಲಾಗುವುದು ಇದರಲ್ಲಿ ಇನ್ನೂ ಸೇರಿಲ್ಲ. ಇಡೀ ಪಾಳಿ ಅಳೆಯುವ ವಿಧಾನದಲ್ಲಿ ಮೂರು ದಿನ ಅಳೆಯಬೇಕು, ಮೂರರ ನಡುವೆ 3 ಡೆಸಿಬಲ್ ಅಥವಾ ಹೆಚ್ಚಿನ ಅಂತರ ಬಂದರೆ ಇನ್ನೂ ಕನಿಷ್ಠ ಎರಡು ದಿನ ಅಳೆಯಬೇಕು ಎಂದು ಅದೇ ಮಾನಕ ಹೇಳುವುದು ಇದಕ್ಕಾಗಿಯೇ.

ಕಿವಿರಕ್ಷಕದ ಒಳಗೆ ಏನಾಗುತ್ತಿದೆ ಎಂಬುದನ್ನು ಹೆಗಲ ಮೇಲಿನ ಮೈಕ್ರೊಫೋನ್ ತಿಳಿಯಲಾರದು. ಹಾಗೆಂದು ಪೊಟ್ಟಣದ ಮೇಲೆ ಬರೆದ ಅಂಕಿಯನ್ನು ನೇರವಾಗಿ ಕಳೆದುಬಿಡುವುದೂ ಸರಿಯಲ್ಲ. 30 ಡೆಸಿಬಲ್ ತಗ್ಗಿಸುವ ರಕ್ಷಕವನ್ನು ಸದ್ದಿನ ಅರ್ಧ ಹೊತ್ತು ಮಾತ್ರ ಹಾಕಿಕೊಂಡರೆ, 3 ಡೆಸಿಬಲ್ ಲೆಕ್ಕದಲ್ಲಿ ಇಡೀ ದಿನಕ್ಕೆ ಸಿಗುವ ರಕ್ಷಣೆ ಕೇವಲ 3 ಡೆಸಿಬಲ್. ಈ ಲೆಕ್ಕವನ್ನು ಕೆಲಸಗಾರರ ಮುಂದೆ ಕಾಗದದ ಮೇಲೆ ಹಾಕಿ ತೋರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೆಡ್‌ಸೆಟ್ ಹಾಕಿಕೊಂಡು ದಿನವಿಡೀ ಕರೆ ಸ್ವೀಕರಿಸುವವರದು ಇದರ ತಿರುವುಮುರುವು: ಸದ್ದು ಕಿವಿಯ ಒಳಗಿದೆ, ಮೈಕ್ರೊಫೋನ್ ಹೊರಗಿದೆ. ಅಲ್ಲಿಗೆ ಬೇಕಾದದ್ದು ಕಿವಿಯೊಳಗಿನ ಸೂಕ್ಷ್ಮ ಮೈಕ್ರೊಫೋನ್ ಅಥವಾ ಕೃತಕ ತಲೆಯನ್ನು ಬಳಸುವ ಐಎಸ್‌ಒ 11904ರ ವಿಧಾನ. ಟೊಲುಯೀನ್‌ನಂಥ ಕೆಲವು ದ್ರಾವಕಗಳು ಸದ್ದಿನ ಜೊತೆ ಸೇರಿ ಶ್ರವಣಕ್ಕೆ ಹೆಚ್ಚಿನ ಹಾನಿ ಮಾಡಬಲ್ಲವು. ಬಣ್ಣ ಬಳಿಯುವ ವಿಭಾಗದಲ್ಲಿ ಡೋಸ್ ಕಡಿಮೆ ಬಂದರೂ ಈ ಕಾರಣಕ್ಕೆ ಶ್ರವಣ ಪರೀಕ್ಷೆಯನ್ನು ಬಿಡಬಾರದು.

ವರದಿ ಬರೆಯುವಾಗ ಅಂಕಿಯ ಪಕ್ಕದಲ್ಲಿಯೇ ಕ್ರೈಟೀರಿಯನ್, ಎಕ್ಸ್‌ಚೇಂಜ್ ರೇಟ್, ಥ್ರೆಶೋಲ್ಡ್, ಸ್ಪಂದನ, ಓಡಿದ ಅವಧಿ, ಮೊದಲಿನ ಮತ್ತು ಕೊನೆಯ ಕ್ಯಾಲಿಬ್ರೇಷನ್ ಓದು ಇಷ್ಟೂ ಇರಲಿ. ಮಿತಿ 85 ಇರುವಲ್ಲಿ ಅಳತೆ 84 ಬಂದಿದ್ದರೆ, ಮೇಲಿನ 3 ಡೆಸಿಬಲ್ ಅನಿಶ್ಚಿತತೆಯ ಕಾರಣ ‘ಮಿತಿಯೊಳಗಿದೆ’ ಎಂದು ಬರೆಯಲು ಆಧಾರವಿಲ್ಲ. ‘ಮಿತಿ ಮೀರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂದು ಬರೆದು, ಉಪಕರಣವನ್ನು ತೊಟ್ಟವರಿಗೂ ಅದರ ಒಂದು ಪ್ರತಿಯನ್ನು ಕೊಡಬೇಕು.